ಅರ್ಧರ್ಧವಾಗಿ ಕಳೆದ ಪುರುಡು

“ಅಲ್ಲೇ ನಿಲ್ಲವ್ವ, ಹೊಸ್ಲು ದಾಟ್ಬ್ಯಾಡ!”

ಮಹದೇವಮ್ಮ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟಳು. ಹೆರಿಗೆಯ ಸೂತಕ ಕಳೆಯಲೆಂದು ತಲೆಗೆ ನೀರು ಹಾಕಿಕೊಂಡು, ಮೈಗೆಲ್ಲ ಅರಿಶಿನ ಹಚ್ಚಿಕೊಂಡು ಬಂದಿದ್ದಳು. ಒಳಗೆ ಬಾಣಂತಿ ಮಗಳು ದಿವ್ಯ. ಅವಳ ಮಡಿಲಲ್ಲಿ ಅಜ್ಜಿಯ ಕೈ ಇನ್ನೂ ಸೋಕದ ಹೆಣ್ಣುಕೂಸು.

“ಇವತ್ಗೆ ಪುರುಡು ಕಳೀತಲ್ಲ. ನಿಂದೂ ಕಳೀತು, ನಂದೂ ಕಳೀತು. ಕೊಡು ಇತ್ಲಾಗೆ.”

“ನಿಂದು ಪುರುಡಲ್ಲ ಕಣವ್ವ. ಮಿಂದ್ರೆ ಓಗಾದಲ್ಲ.”

ಗಂಟಲಿನ ಗಂಟನ್ನು ಕೊಯ್ದು ತೆಗೆದ ಮೇಲೆ, ಉಳಿದದ್ದನ್ನು ಸುಡಲೆಂದು ಮೈಸೂರಿನ ಆಸ್ಪತ್ರೆಯಲ್ಲಿ ಅವಳಿಗೆ ವಿಕಿರಣದ ಮಾತ್ರೆ ನುಂಗಿಸಿದ್ದರು. ತಾವು ಹೇಳುವವರೆಗೆ ಬಾಣಂತಿ, ಕೂಸಿನ ಹತ್ತಿರ ಸುಳಿಯಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಹೆರಿಗೆಯ ಹೊತ್ತಿಗೆ ಎಲ್ಲ ಸರಿಹೋಗುತ್ತದೆಂದು ಎಣಿಸಿದ್ದರು. ಕೂಸು ಮುಂಚೆಯೇ ಬಂದುಬಿಟ್ಟಿತು. ಬಾಣಂತಿಗೆ ನೀರು ಹಾಕಬೇಕಾದವಳು ಹಿತ್ತಿಲ ಕೋಣೆ ಸೇರಿದಳು.

“ಮನೇಲಿ ಒಬ್ಳು ಬಾಣಂತಿ ಅನ್ಕಂಡಿದ್ದೆ, ಇಬ್ರಾದ್ರಲ್ಲಪ್ಪೋ!” ಗಂಡ ಕರಿಯಯ್ಯ ಜಗಲಿಯಿಂದ ನಕ್ಕ. “ನಿನ್ ಮುಟ್ಟುದ್ರೆ ಬಲ್ಬು ಉರಿತದೇನಮ್ಮಿ?”

“ಬಾ, ನಿನ್ ಬೋಳ್ತಲೇನೇ ಬಲ್ಬು ಮಾಡ್ತೀನಿ.”

ಅಂದವಳ ಕಣ್ಣು ತುಂಬಿಕೊಂಡಿತು. ಅದನ್ನು ಕಂಡ ದಿವ್ಯ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಚೌಕಾಬಾರ ಆಟದ ಸೀಳು ಹುಣಸೆಬೀಜಗಳನ್ನು ಬೊಗಸೆ ತುಂಬ ಅಪ್ಪನ ಕೈಲಿ ಕಳಿಸಿದಳು.

“ಎಸಿಯವ್ವ. ಬಿಳಿ ಮೊಕ ಮೇಲಾದವ್ನ ಆಚ್ಗೆ ಬಿಸಾಕು. ಉಳ್ದವ್ನ ತಿರ್ಗಾ ಎಸಿ.”

ಮೊದಲ ಎಸೆತಕ್ಕೆ ಹೆಚ್ಚುಕಮ್ಮಿ ಅರ್ಧ ಹೋದವು. ಇನ್ನೊಂದಕ್ಕೆ ಉಳಿದದ್ದರಲ್ಲಿ ಅರ್ಧ.

“ಯಾವ್ದು ಓಯ್ತದೆ ಅಂತ ಗೊತ್ತಾಗಾಕಿಲ್ವಾ?”

“ಯಾರ್ಗೂ ಗೊತ್ತಾಗಾಕಿಲ್ಲ. ಆದ್ರೆ ಅರ್ಧ ಓಗೇ ಓಯ್ತವೆ. ನಿನ್ ಮೈಯೊಳ್ಗಿರೋ ಆ ಮಾತ್ರೆ ಕಣಗಳೂ ಇಂಗೇಯ, ಎಂಟೆಂಟು ದಿನಕ್ಕೊಂದು ಎಸ್ತ ಅನ್ಕೊ. ಜತ್ಗೆ ನೀನು ನೀರು ಕುಡ್ದಂಗೆಲ್ಲ ಒಂದಷ್ಟು ಒಂಟೋಯ್ತದೆ.”

“ಅವು ಯಾಕವ್ವ ನಿಂತ್ಕಡೆ ನಿಲ್ಲಾಕಿಲ್ಲ?”

“ಕಣದ ಒಳ್ಗಿರೋವು ಒಂದ್ನೊಂದು ಬಿಗಿಯಾಗಿ ತಬ್ಕಂಡಿರ್ತವೆ. ಜನ ಜಾಸ್ತಿಯಾದ್ರೆ ಹೊಂದ್ಕಳಾಕಿಲ್ಲ, ಚಡಪಡಿಸ್ತವೆ. ಒಂದ್ ಕಿಡಿ ಉಗುದ್ರೆ ಸುಮ್ನಾಯ್ತವೆ.”

“ಥೇಟ್ ನಿಮ್ಮವ್ವನಂಗೆ!” ಎಂದ ಕರಿಯಯ್ಯ. ಒಳಗೂ ಹೊರಗೂ ಒಟ್ಟಿಗೆ ನಗು ಎದ್ದು, ಕೂಸು ಬೆಚ್ಚಿ ಅತ್ತಿತು. ಮಹದೇವಮ್ಮ ಅಂಗಳದಲ್ಲೇ ಕೂತು, ಆ ಅಳು ನಿಲ್ಲುವವರೆಗೆ ಲಾಲಿ ಹಾಡಿದಳು.

ವಾರಗಳು ಕಳೆದವು. ಡಾಕ್ಟರು ಅವಳ ಗಂಟಲಿನ ಹತ್ತಿರ ವಿಕಿರಣ ಅಳೆಯುವ ಯಂತ್ರ ಹಿಡಿದರು. ಮೊದಲು ಹುರಿಗಾಳಿನಂತೆ ಚಟಪಟಿಸುತ್ತಿದ್ದದ್ದು ಈಗ ಎಲ್ಲೋ ಒಂದೊಂದು ಸದ್ದು ಮಾಡಿತು. “ಹೋಗಿ, ಮೊಮ್ಮಗಳನ್ನ ಎತ್ಕೊಳ್ಳಿ” ಎಂದರು.

ತಮ್ಮೂರು ಹೆಮ್ಮಿಗೆಗೆ ಬಂದವಳು ಜಗಲಿಯ ಮೇಲೆ ಕೂತಳು. ದಿವ್ಯ ಕೂಸನ್ನು ತಂದರೆ, ಕೈ ಚಾಚದೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

“ಒಂದ್ ಚೂರು ಉಳ್ಕಂಡಿದ್ರೆ?”

“ಅಷ್ಟ್ರಿಂದ ಏನೂ ಆಗಾಕಿಲ್ಲ ಕಣವ್ವ. ನಂಜನಗೂಡು ರಸಬಾಳೇಲೂ ಅಂತಾ ಕಿಡಿ ಒಂದ್ ಚೂರು ಇರ್ತದೆ.”

“ಬಾಳೆಹಣ್ಣಲ್ಲೂವಾ?”

“ಊಂ. ಯೋಳು ಮತ್ತೆ, ತಿನ್ನಾದು ಬಿಟ್ಟಿದ್ದಿಯಾ?”

ಮಹದೇವಮ್ಮ ನಗುತ್ತ ಸೆರಗು ಸರಿಸಿದಳು. ಕೂಸಿನ ಭಾರ ತೋಳಿಗೆ ಇಳಿಯಿತು. ಅದು ಕಣ್ಣರಳಿಸಿ ಅಜ್ಜಿಯನ್ನು ನೋಡಿತು, ಆಕಳಿಸಿತು. ಸ್ವಲ್ಪ ಹೊತ್ತಿಗೆ ಮಡಿಲು ಬೆಚ್ಚಗಾಯಿತು; ಸೀರೆ ನೆನೆದು, ಅಂಚಿನಿಂದ ಜಗಲಿಯ ಕಲ್ಲಿನ ಮೇಲೆ ತೊಟ್ಟಿಕ್ಕತೊಡಗಿತು.

ದಿವ್ಯ ಬಟ್ಟೆ ತರಲು ಎದ್ದಳು. ಮಹದೇವಮ್ಮ ಕೂಸನ್ನು ಅವುಚಿಕೊಂಡು ಕೂತಲ್ಲಿಂದ ಅಲುಗಲಿಲ್ಲ.