ಮೂರಕ್ಕೆ ಬಗ್ಗದ ಕೋಟಿ

ತ್ಯಾಗರಾಜನಗರದ ವಿಮಲಾ, ಕಾಲೇಜೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಕೆಲಸ ನಿಂತರೂ ಪಾಠ ಹೇಳುವ ಚಟ ನಿಂತಿರಲಿಲ್ಲ. ಆ ಶನಿವಾರ ಎದುರುಮನೆಯ ಸೀತಮ್ಮನವರ ಹತ್ತಿರ ಎಡವಟ್ಟಾಗಿದ್ದೂ ಅದರಿಂದಲೇ.

ಸೀತಮ್ಮನವರು ಇಪ್ಪತ್ತೇಳು ವರ್ಷಗಳಿಂದ ರಾಮನಾಮದ ಕೋಟಿ ಜಪ ಹಿಡಿದವರು. ನೂರೆಂಟು ಮಣಿಯ ತುಳಸಿ ಮಾಲೆ, ದಿನಕ್ಕೆ ಒಂಬತ್ತೋ ಹತ್ತೋ ಸುತ್ತು. ಸೋಮವಾರ ಅವರಿಗೆ ಹೃದಯದ ಆಪರೇಷನ್. ಅಷ್ಟರೊಳಗೆ ಕೋಟಿ ಮುಟ್ಟಿಸಬೇಕೆಂಬ ಹಟ. ಮುಗಿಸಿಬಿಟ್ಟರೆ ಆಮೇಲೆ ಏನಾದರೂ ಚಿಂತೆಯಿಲ್ಲ ಎಂದು ಅವರು ನಗುನಗುತ್ತಾ ಹೇಳುವುದು ವಿಮಲಾಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. ತಾಯಿ ಹೋದ ಮೇಲೆ ಅವಳಿಗೆ ತಾಯಿ ಅಂತ ಇದ್ದವರು ಅವರೊಬ್ಬರೇ.

"ತೊಂಬತ್ತೆರಡು ಸಾವಿರದ ಐನೂರ ತೊಂಬತ್ತೆರಡು ಮಾಲೆ ಆಯ್ತು. ಕೋಟಿಗೆ ಇನ್ನೆಷ್ಟು ಮಾಲೆ, ಸ್ವಲ್ಪ ನೋಡೇ," ಎಂದರು ಸೀತಮ್ಮ.

ವಿಮಲಾ ಮನಸ್ಸಿನಲ್ಲೇ ಗುಣಿಸಿದಳು. ಉತ್ತರ ಹೊಳೆದ ಖುಷಿಗೆ ಎದುರಿಗಿರುವವರು ಯಾರೆಂಬುದೇ ಮರೆತುಹೋಯಿತು.

"ಅರವತ್ನಾಲ್ಕು ನಾಮ ಸಾಕು. ಆದ್ರೆ ಪೂರ್ತಿ ಮಾಲೆಗೆ ಯಾವತ್ತೂ ಸರಿಹೋಗಲ್ಲ! ನೂರೆಂಟರ ಮಾಲೆ ಎಷ್ಟೇ ತಿರುಗಿಸಿ, ಲೆಕ್ಕ ಮೂರರ ಮಗ್ಗೀಲೇ ಇರುತ್ತೆ. ಕೋಟಿ ಆ ಮಗ್ಗೀಲಿ ಬರಲ್ಲ. ಅಂಕಿಗಳನ್ನ ಕೂಡಿ ನೋಡಿ. ಒಂದು, ಉಳಿದಿದ್ದೆಲ್ಲ ಸೊನ್ನೆ."

ಸೀತಮ್ಮನವರ ಮುಖ ಬಾಡಿತು. ಶುರು ಮಾಡಿದ ಮಾಲೆಯನ್ನು ನಡುವೆ ಬಿಡಬಾರದು ಎಂಬುದು ಅವರ ನೇಮ. ಕೊನೆಯ ಮೇರುಮಣಿಯ ತನಕ ಹೇಳಿದರೆ ನಲವತ್ತನಾಲ್ಕು ನಾಮ ಹೆಚ್ಚಾಗುತ್ತದೆ.

"ಸರಿಯಾಗಿ ಕೋಟಿ ಅಂತ ಸಂಕಲ್ಪ ಮಾಡಿದ್ದು ಕಣೇ. ಹೆಚ್ಚೂ ಆಗ್ಬಾರ್ದು, ಕಮ್ಮೀನೂ ಆಗ್ಬಾರ್ದು."

ವಿಮಲಾ ನಾಲಿಗೆ ಕಚ್ಚಿಕೊಂಡಳು. "ಎಂಟು ನಾಮ ತಪ್ಪಿಗೆ ಅಂತ ಬಿಟ್ಟು, ಮಾಲೆಗೆ ನೂರೇ ಹಿಡೀತಾರಲ್ಲ? ಹಾಗೆ ಮಾಡಿ. ಲಕ್ಷ ಮಾಲೆಗೆ ಸರಿಯಾಗಿ ಕೋಟಿ."

"ಅಂದ್ರೆ ಇನ್ನೂ ಏಳು ಸಾವಿರ ಚಿಲ್ಲರೆ ಮಾಲೆ. ಎರಡು ವರ್ಷ ಬೇಕು. ನನ್ ಹತ್ರ ಇರೋದು ಇವತ್ತು, ನಾಳೆ."

ವಿಮಲಾಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ನೀವು ಅರವತ್ನಾಲ್ಕಕ್ಕೆ ನಿಲ್ಸಿ. ಅಲ್ಲಿಗೆ ನಿಮ್ಮ ಕೋಟಿ. ಉಳಿದಿದ್ದನ್ನ ನಾನು ಹೇಳ್ತೀನಿ. ಮಾಲೆ ಪೂರ್ತಿ ಆದ್ರೆ ಆಯ್ತಲ್ಲ?"

"ದೇವರಿಗೆ ಕೈ ಮುಗಿಯದವಳು ನೀನು!"

"ಎಣಿಸೋಕೆ ಬರುತ್ತೆ."

ಭಾನುವಾರ ಬೆಳಿಗ್ಗೆ ವಿಮಲಾ ಸ್ನಾನ ಮಾಡಿ ಬಂದು ಪಕ್ಕದಲ್ಲಿ ಕೂತಳು. ಅರವತ್ತನಾಲ್ಕನೆಯ ಮಣಿಗೆ ಸೀತಮ್ಮನವರು ನಿಲ್ಲಿಸಿದರು. ಕೋಟಿ ತುಂಬಿತ್ತು. ಅವರು ಕಣ್ಣೊರೆಸಿಕೊಂಡು, ಮಣಿ ಜಾರದಂತೆ ಹಿಡಿದು ಮಾಲೆಯನ್ನು ವಿಮಲಾಳ ಕೈಗಿತ್ತರು. ಅವಳು ಮೊದಮೊದಲು ಮಗ್ಗಿ ಒಪ್ಪಿಸುವ ಹಾಗೆ ಗಡಿಬಿಡಿಯಲ್ಲಿ ಹೇಳಿದಳು, ಆಮೇಲೆ ನಿಧಾನವಾದಳು. ಮೇರುಮಣಿಗೆ ಇನ್ನೊಂದೇ ಮಣಿ ಇದೆ ಎನ್ನುವಾಗ ನಿಲ್ಲಿಸಿಬಿಟ್ಟಳು.

"ಯಾಕೇ? ಇನ್ನೊಂದಿದೆ," ಎಂದರು ಸೀತಮ್ಮ.

"ಅದು ನಿಮ್ದು. ಎರಡನೇ ಕೋಟಿಯ ಮೊದಲನೇ ನಾಮ. ಆಸ್ಪತ್ರೆಯಿಂದ ಬಂದು ಹೇಳಿ."

"ಮಾಲೆ ನಡುವೆ ಬಿಡಬಾರದು ಅಂತ ಬಡ್ಕೊಂಡೆನಲ್ಲೇ!"

"ಗೊತ್ತು," ಎಂದಳು ವಿಮಲಾ. "ಅದಕ್ಕೇ ಬಿಟ್ಟಿದ್ದು."