ಹುಳು ಹಣ್ಣಾದ ದಿನದ ಡ್ರಿಪ್

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನನ್ನ ಸೂಜಿ ಮಾತಾಡಿಸದ ನರವಿಲ್ಲ. ಗೌರಿಬಿದನೂರಿನಲ್ಲಿ ನನ್ನ ಸ್ಕೂಟರಿನ ಸದ್ದು ಕೇಳಿದರೆ ರೋಗಿಗಳು ತಾವಾಗಿಯೇ ಅಂಗಿ ತೋಳು ಮಡಚಿಕೊಂಡು ಕೂರುತ್ತಾರೆ. ಕೈವಾರದ ಬಸ್ಸುಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಅಂಬಾಜಿದುರ್ಗದ ತಪ್ಪಲಿನ ಒಬ್ಬ ಅಜ್ಜಿಯ ನರ ಬೆಂಗಳೂರಿನ ಡಾಕ್ಟರುಗಳ ಒಂದು ಸೈನ್ಯಕ್ಕೇ ಸಿಕ್ಕಿರಲಿಲ್ಲ. ನಾನು ಕಾಫಿ ಕುಡಿಯುತ್ತ, ಬೇರೆ ಕಡೆ ನೋಡುತ್ತ, ಒಂದೇ ಏಟಿಗೆ ಹಿಡಿದೆ. ಚುಚ್ಚಿದ್ದು ಅಜ್ಜಿಗೆ ಗೊತ್ತಾದದ್ದು ಮಾರನೆಯ ದಿನ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಕೆಲವರಿಗೆ ನರದ ಮೂಲಕವೇ ಔಷಧಿ ಹೋಗಬೇಕಿರುತ್ತದೆ. ಅಂಥವರ ಮನೆಗೆ ಹೋಗಿ ಡ್ರಿಪ್ ಹಾಕುವುದು, ಮುಗಿಯುವವರೆಗೆ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಈ ತನುಜಾಳಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲ, ರೇಷ್ಮೆ ಹುಳುವೊಂದನ್ನು ಬಿಟ್ಟು. ಅದೂ ಹೆದರಿಕೆಯಲ್ಲ, ಒಂದು ಒಪ್ಪಂದ. ಅವು ನನ್ನ ಮೈ ಹತ್ತಬಾರದು, ನಾನು ಅವುಗಳ ಕಡೆ ನೋಡಬಾರದು.

ಒಪ್ಪಂದ ಮುರಿದದ್ದು ಶಿಡ್ಲಘಟ್ಟದ ಆಚೆಗಿನ ಒಂದು ಹಳ್ಳಿಯಲ್ಲಿ, ನಲ್ಲಪ್ಪನ ಮನೆಯಲ್ಲಿ.

ನಲ್ಲಪ್ಪನ ಕಾಲಿನ ಮೂಳೆಗೆ ಕೀವು ಇಳಿದು ಆಪರೇಷನ್ ಆಗಿತ್ತು. ಅವನಿಗೆ ದಿನವೂ ಹಾಕಬೇಕಾದ ಔಷಧಿ ಬಲು ಜಂಬದ್ದು. ಸಾವಕಾಶವಾಗಿ ಹೋದರೆ ಅಮೃತ, ಸರಸರ ಹೋದರೆ ಮೈಯೆಲ್ಲ ಕೆಂಡವಾಗಿ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಅವನ ಮಂಚ ನಡುಮನೆಯಲ್ಲಿತ್ತು. ನಡುಮನೆಯ ಉಳಿದ ಜಾಗವೆಲ್ಲ ಹುಳುವಿನ ತಟ್ಟೆಗಳದ್ದು.

ಆ ದಿನ ನಾನು ಹೋದಾಗ ಅವನ ಹೆಂಡತಿ ಅಮ್ಮಾಜಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಇವತ್ತು ಹುಳ ಹಣ್ಣಾಗವೆ ಕಣಮ್ಮ. ಸೆಂಟು ಗಿಂಟು ಹಾಕ್ಕೊಂಡಿಲ್ಲ ತಾನೆ?”

“ಇಲ್ಲ ಅಮ್ಮಾಜಕ್ಕ. ಕೈಗೆ ಸ್ಪಿರಿಟ್ಟು ಅಷ್ಟೆ.”

“ಅದೂ ವಾಸ್ನೇನೇ, ಹುಳಕ್ಕಾಗಲ್ಲ. ಬೇಗ ಸೂಜಿ ಹಾಕಿ, ಬಚ್ಚಲಿಗೆ ಬಂದು ಕೈ ತೊಳ್ಕೋ.”

ಹಣ್ಣಾದ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಗಟ್ಟಿ, ತಲೆ ಎತ್ತಿ ತೂಗುತ್ತದೆ. ಆಗಲೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ಸುತ್ತಿಗೆ ಬಿಡಬೇಕು. ತಡವಾದರೆ ತಟ್ಟೆಯ ಕಸದಲ್ಲೇ ಗೂಡು ಕಟ್ಟಿ, ಬೆಳೆಯೆಲ್ಲ ಹಾಳು.

ನಲ್ಲಪ್ಪನ ಕಣ್ಣು ತಟ್ಟೆಗಳ ಮೇಲೇ ಇತ್ತು. “ಎಷ್ಟೊತ್ತು ಹಿಡೀತದೆ ತಾಯಿ?”

“ಬೇರೆ ನರ್ಸಾದ್ರೆ ಮಧ್ಯಾಹ್ನ ಆಗ್ತಿತ್ತು. ಗೌರಿಬಿದನೂರಲ್ಲಿ ಒಬ್ರಿಗೆ ಟೀ ಆರೋದ್ರೊಳಗೆ ಬಾಟ್ಲು ಖಾಲಿ ಮಾಡಿದೀನಿ.”

“ನಂಗೂ ಹಂಗೇ ಮಾಡು.”

“ಅದು ಬರೀ ಗ್ಲೂಕೋಸ್ ಅಣ್ಣ. ನಿಮ್ದು ನಿಧಾನಕ್ಕೇ ಹೋಗ್ಬೇಕು.”

ಡ್ರಿಪ್ ಹಾಕಿ, ಕೊಳವೆಯ ಪುಟ್ಟ ಗಾಲಿಯನ್ನು ತಿರುಗಿಸಿ ಹನಿ ಹನಿಯಾಗಿ ಬೀಳುವಂತೆ ಮಾಡಿದೆ. ತುರ್ತು ಔಷಧಿಗಳ ಕೆಂಪು ಡಬ್ಬಿಯನ್ನು ಮಂಚದ ಪಕ್ಕದಲ್ಲಿಟ್ಟೆ. ಆಮೇಲೆ ಬಚ್ಚಲಿಗೆ ಹೋದೆ. ಕೈಗೆ ಸೀಗೇಪುಡಿ ಸುರಿದು ಅಮ್ಮಾಜಮ್ಮ ಒಳಕ್ಕೆ ಹೋದಳು. ಬಚ್ಚಲಲ್ಲಿ ಪಾತ್ರೆ ತೊಳೆಯುತ್ತಿದ್ದ ಪಕ್ಕದ ಮನೆಯ ಮುನಿಶಾಮಮ್ಮ ಏನೋ ಕೇಳಿದಳು, ನಾನು ಶುರು ಮಾಡಿದೆ. ಸ್ಕಂದಗಿರಿ ಹತ್ತಲು ಬಂದ ಹುಡುಗನೊಬ್ಬನಿಗೆ ಬೆಟ್ಟದ ತುದಿಯಲ್ಲೇ, ಬಾಟಲನ್ನು ಮೋಡಕ್ಕೆ ನೇತುಹಾಕಿ ಡ್ರಿಪ್ ಕೊಟ್ಟ ನನ್ನ ಕಥೆ ಚಿಕ್ಕದಲ್ಲ. ಚಿಕ್ಕದಾಗಿ ಹೇಳುವ ಅಭ್ಯಾಸವೂ ನನಗಿಲ್ಲ.

ವಾಪಸು ಬಂದಾಗ ನಲ್ಲಪ್ಪನ ಮುಖ, ಕತ್ತು, ಎದೆ ಕುಂಕುಮ ಬಳಿದ ಹಾಗೆ ಕೆಂಪಗಿತ್ತು. ಎರಡೂ ಕೈಯಲ್ಲಿ ಮೈ ಪರಚಿಕೊಳ್ಳುತ್ತಿದ್ದ. ಬಾಟಲು ಅರ್ಧಕ್ಕಿಂತ ಕೆಳಗಿತ್ತು. ಹನಿ ಬೀಳಬೇಕಾದಲ್ಲಿ ಧಾರೆ ಸುರಿಯುತ್ತಿತ್ತು.

ಗಾಲಿ ತಿರುಗಿಸಿ ಧಾರೆ ನಿಲ್ಲಿಸಿದೆ. “ಯಾರು ಇದನ್ನ ತಿರುಗ್ಸಿದ್ದು?”

“ನೀನೇ ಹೇಳ್ದಲ್ಲ ತಾಯಿ, ಟೀ ಆರೋದ್ರೊಳಗೆ ಅಂತ. ಹುಳ ಕಾಯ್ತವಾ?” ಅನ್ನುತ್ತ ಏಳಲು ಹೋದವನ ಕಣ್ಣುಗುಡ್ಡೆ ಮೇಲಕ್ಕೆ ತಿರುಗಿತು. ತಲೆ ದಿಂಬಿಗೆ ಬಿತ್ತು. ಮಣಿಕಟ್ಟು ಹಿಡಿದೆ. ನಾಡಿ ಒಂದೆಳೆ ರೇಷ್ಮೆಯಷ್ಟು ತೆಳ್ಳಗೆ ಓಡುತ್ತಿತ್ತು.

ಸೊಪ್ಪಿನ ಮೂಟೆ ಎಳೆದು ಅವನ ಕಾಲುಗಳನ್ನು ಅದರ ಮೇಲೆತ್ತಿ ಇಟ್ಟೆ. ಡಬ್ಬಿಗೆ ಕೈ ಚಾಚಿದೆ. ಡಬ್ಬಿ ಇರಲಿಲ್ಲ.

“ಅಮ್ಮಾಜಕ್ಕ, ನನ್ನ ಕೆಂಪು ಡಬ್ಬಿ ಎಲ್ಲಿ?”

ಕೂಲಿಯವರನ್ನು ಕೂಗಲು ಹೋಗಿದ್ದವಳು ಬೀದಿಯಿಂದ ಓಡಿಬಂದಳು. “ಅದು ಆಸ್ಪತ್ರೆ ವಾಸ್ನೆ ಹೊಡೀತಿತ್ತು, ಸೊಪ್ಪಿನ ಮನೇಲಿಟ್ಟೆ.” ಗಂಡನನ್ನು ನೋಡಿದಳು. ಧ್ವನಿ ಇಳಿಯಿತು. “ಅಲ್ಲ, ಸೊಪ್ಪಿಗೂ ವಾಸ್ನೆ ಹಿಡೀತದೆ ಅಂತ ಕೊಟ್ಟಿಗೇಲಿಟ್ಟೆ.”

“ಇವರ ಕಾಲು ಕೆಳಗಿಳಿಸಬೇಡಿ,” ಎಂದು ಓಡಿದೆ. ಒಲಿಂಪಿಕ್ಸಿನವರು ನೋಡಿದ್ದರೆ ಓಟ ಬಿಟ್ಟು ಉಳುಮೆಗೆ ಹೋಗುತ್ತಿದ್ದರು. ಗೋದಲಿಯಲ್ಲಿ ಹಸು ನನ್ನ ಡಬ್ಬಿಯ ಮುಚ್ಚಳವನ್ನು ನೆಕ್ಕುತ್ತಿತ್ತು. ಕಸಿದುಕೊಂಡು ಬಂದೆ. ಒಂದು ಕೈಯಲ್ಲಿ ಹೊಸ ಸಲೈನ್ ಏರಿಸಿದೆ, ಭುಜಕ್ಕೆ ಫೋನು ಒತ್ತಿ ಡಾಕ್ಟರಿಗೆ ಹೇಳಿದೆ, ಅವರು ಹೇಳಿದ ಇಂಜೆಕ್ಷನ್ ಕೊಟ್ಟೆ.

“ನೂರಾ ಎಂಟಕ್ಕೆ ಫೋನ್ ಮಾಡಿಸಿ. ಅದು ಬರೋ ತನಕ ಅಂಗಾತ ಮಲಗಿರಬೇಕು, ಕೂರಿಸಿದ್ರೆ ಕೈ ಬಿಟ್ಟು ಹೋಗ್ತಾರೆ,” ಎಂದರು ಡಾಕ್ಟರು.

ಫೋನು ಮುನಿಶಾಮಮ್ಮ ಮಾಡಿದಳು. ಗಾಡಿ ಚಿಂತಾಮಣಿ ಕಡೆಯಿಂದ ಬರಬೇಕಂತೆ.

ನಲ್ಲಪ್ಪ ಕಣ್ಣು ಬಿಟ್ಟ. ಮೊದಲು ನೋಡಿದ್ದು ಹೆಂಡತಿಯನ್ನಲ್ಲ, ನನ್ನನ್ನೂ ಅಲ್ಲ, ತಟ್ಟೆಗಳನ್ನು. ಹುಳುಗಳು ತಲೆ ಎತ್ತಿ ತೂಗುತ್ತಿದ್ದವು. ಮೊಣಕೈ ಊರಿ ಎದ್ದ. ಬಿಪಿ ಮತ್ತೆ ಜಾರಿತು. ಅಮ್ಮಾಜಮ್ಮ ಭುಜ ಅದುಮಿ ಹಿಡಿದಳು, ಅವನು ಕೊಸರಿದ.

“ಬಿಡೇ. ಕಸಕ್ಕೆ ಕಟ್ತಾವಲ್ಲೇ ಅವು.”

“ಸುಮ್ನೆ ಬಿದ್ಕೊಳಪ್ಪ. ಹೋದ್ರೆ ಒಂದು ಬೆಳೆ ಹೋಗ್ಲಿ.”

“ಲೇ, ನಾನಿನ್ನೂ ಬದುಕಿದೀನಿ, ನನ್ನ ಬೆಳೆ ಹೋಗ್ಲಿ ಅಂತೀಯಾ?”

ಇನ್ನೊಂದು ಸಲ ಎದ್ದರೆ ಇವನು ಮಲಗುವುದು ಶಾಶ್ವತವಾಗಿ. ಅದು ನನಗೆ ಗೊತ್ತಿತ್ತು. ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಹೆಂಡತಿ ಭುಜ ಬಿಡುವಂತಿಲ್ಲ. ಮುನಿಶಾಮಮ್ಮ ಕೂಲಿಯವರನ್ನು ಕರೆತರಲು ತೋಟಕ್ಕೆ ಓಡಿದ್ದಳು. ಖಾಲಿ ಇದ್ದದ್ದು ನನ್ನ ಒಂದು ಕೈ. ಇನ್ನೊಂದು ಅವನ ನಾಡಿಯ ಮೇಲಿತ್ತು.

“ನಲ್ಲಪ್ಪಣ್ಣ, ನೀವು ಅಲುಗಾಡ್ದೆ ಮಲಗಿದ್ರೆ ಹುಳ ನಾನು ಆರಿಸ್ತೀನಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀನಾ? ಹುಳ ಕಂಡ್ರೆ ಮಾರು ದೂರ ಓಡ್ತೀಯಲ್ಲಮ್ಮ.”

“ಯಾರು ಹೇಳಿದ್ದು? ಚಿಂತಾಮಣೀಲಿ ಅರ್ಧ ಊರಿನ ಹುಳ ಆರಿಸಿದೋಳು ನಾನು.”

ಕಾಲಿನಿಂದ ಒಂದು ತಟ್ಟೆಯನ್ನು ಹತ್ತಿರಕ್ಕೆಳೆದು ಕೂತೆ. ಕೈ ಚಾಚಿದೆ.

“ಗ್ಲೌಸ್ ತೆಗಿ. ಅದ್ರ ಪೌಡ್ರು ಹುಳಕ್ಕಾಗಲ್ಲ.”

ಹಲ್ಲಿನಲ್ಲಿ ಕಚ್ಚಿ ಗ್ಲೌಸ್ ಎಳೆದೆ. ಬರಿ ಬೆರಳಿಗೆ ಮೊದಲ ಹುಳು ತಗುಲಿತು. ತಣ್ಣಗೆ, ಮೆತ್ತಗೆ, ನನ್ನ ಬೆರಳಿನ ಸುತ್ತ ತಲೆ ಹಾಕಿತು. ಕಣ್ಣು ಕಿರಿದು ಮಾಡಿ ಎತ್ತಿದೆ. ಚಂದ್ರಿಕೆಗೆ ಬಿಟ್ಟೆ.

“ಕತ್ತು ಹಿಸುಕ್ಬೇಡ, ನಡು ಹಿಡಿ. ಅಯ್ಯ, ಅದಿನ್ನೂ ಕಾಯಿ, ವಾಪಸ್ ಹಾಕು. ಸೂಜಿ ಹಿಡಿಯೋರಿಗೆ ಹುಳ ಹಿಡಿಯೋಕೆ ಬರ್ದಾ?”

ಬೈಯಲಿ ಎಂದುಕೊಂಡೆ. ಬೈಗುಳ ಬರುವಷ್ಟು ಹೊತ್ತು ನಾಡಿಯೂ ಬರುತ್ತಿತ್ತು. ಒಂದು ತಟ್ಟೆ ಮುಗಿಸಿ ಇನ್ನೊಂದನ್ನು ಎಳೆದೆ. ಅದರ ನಡುವೆ ಬೈಗುಳ ನಿಂತಿತು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಬೆರಳಡಿಯ ನಾಡಿಯ ಎಳೆಯನ್ನು ಹುಡುಕಿದೆ. ಸಿಗಲಿಲ್ಲ. ಬೆರಳು ಸರಿಸಿ ಮತ್ತೆ ಹುಡುಕಿದೆ. ಅಮ್ಮಾಜಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ಸಿಕ್ಕಿತು. ಮೊದಲಿಗಿಂತ ದಪ್ಪಗೆ, ನಿಧಾನಕ್ಕೆ.

“ಆ ಮೂಲೇಲಿ ಎರಡು ಬಿಟ್ಟೆ ನೋಡು,” ಎಂದ ನಲ್ಲಪ್ಪ, ಕಣ್ಣು ಮುಚ್ಚಿಕೊಂಡೇ.

ಊರ ಬಾಗಿಲಲ್ಲಿ ಸೈರನ್ ಕೇಳಿಸಿತು. ಕೂಲಿಯವರ ಚಪ್ಪಲಿ ಸದ್ದು ಅಂಗಳಕ್ಕೆ ಬಂತು. ಆಗ ಒಂದು ಹುಳು ತಟ್ಟೆಯಿಂದ ಮಂಚ ಹತ್ತಿ, ಅವನ ತೋಳು ದಾಟಿ, ನಾಡಿ ಹಿಡಿದಿದ್ದ ನನ್ನ ಕೈ ಹತ್ತಿತು. ಮಣಿಕಟ್ಟಿನಿಂದ ಮೇಲಕ್ಕೆ ಒಂದೊಂದೇ ಹೆಜ್ಜೆ ಇಡುತ್ತ ಬಂತು. ಸ್ಟ್ರೆಚರ್ ಒಳಗೆ ಬರುವವರೆಗೂ ನಾನು ಆ ಕೈ ಕೊಡವಲಿಲ್ಲ.