ಡೋರೀನಳ ಅಭಿಪ್ರಾಯ

"ಮೊದಲನೇದು ಓದು," ಎಂದಳು ಡೋರೀನ್.

ನ್ಯಾರಾಡ್ಜೊ ಟ್ಯಾಬ್ಲೆಟನ್ನು ಮಂಡಿಯ ಮೇಲಿಟ್ಟುಕೊಂಡು ಓದಿದಳು. ಹೊರದೇಶದಿಂದ ಬಂದವರಿಗೆ ಐದು ವರ್ಷಕ್ಕೆ ಸಿಗುತ್ತಿದ್ದ ಖಾಯಂ ವಾಸದ ಅನುಮತಿ ಇನ್ನು ಹತ್ತು ವರ್ಷಕ್ಕೆ. ವೃದ್ಧರ ಆರೈಕೆಯಂಥ ಕೆಲಸದವರಿಗೆ ಹದಿನೈದಕ್ಕೆ. ಈಗಾಗಲೇ ಬಂದಿರುವವರಿಗೂ ಇದೇ ಆಗಬೇಕೆಂಬ ಸರ್ಕಾರದ ಆಲೋಚನೆಗೆ ನಿಮ್ಮ ಒಪ್ಪಿಗೆ ಇದೆಯೇ?

ಬೆಳಗ್ಗೆ ರೇಡಿಯೊದಲ್ಲಿ ಸರ್ಕಾರ ಜನರ ಅಭಿಪ್ರಾಯ ಕೇಳುತ್ತಿದೆ ಎಂಬ ಸುದ್ದಿ ಬಂದಾಗಿನಿಂದ ಮುದುಕಿಯದು ಒಂದೇ ಹಟ. ಎಂಬತ್ತನಾಲ್ಕು ವರ್ಷದಲ್ಲಿ ಸರ್ಕಾರ ತನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲಂತೆ, ಹೇಳದೆ ಬಿಡುವುದುಂಟೇ! ಫ್ಲೀಟ್‌ವುಡ್ ಬಂದರಿನಲ್ಲಿ ನಲವತ್ತು ವರ್ಷ ಮೀನು ಕೊಯ್ದವಳು ಅವಳು. ಬಾಯಿ ಇನ್ನೂ ಹರಿತವಾಗಿತ್ತು, ಕಣ್ಣು ಮಾತ್ರ ಹೋಗಿತ್ತು. ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಕಂಡರೆ ಅದೇ ದೊಡ್ಡದು. ಹಾಗಾಗಿ ಬ್ಯಾಂಕಿನ ಕಾಗದ, ಸೋದರಳಿಯನ ಪತ್ರ, ಬಿಸ್ಕತ್ತಿನ ಪೊಟ್ಟಣದ ಮೇಲಿನ ಬರಹ, ಎಲ್ಲವನ್ನೂ ಓದಿ ಹೇಳುವುದು ಈ ಆರೈಕೆ ಮನೆಯಲ್ಲಿ ನ್ಯಾರಾಡ್ಜೊಳ ಕೆಲಸವಾಗಿತ್ತು.

"ಖಂಡಿತ ಒಪ್ತೀನಿ ಅಂತ ಒತ್ತು. ಬಂದು ಚಪ್ಪಲಿ ಬಿಡೋಷ್ಟರಲ್ಲಿ ಮನೆಯವರಾಗಿಬಿಡ್ತಾರೆ ಅಂದ್ರೆ ಹೇಗೆ?"

"ಆರೈಕೆ ಕೆಲಸದವರಿಗೂ ಹದಿನೈದಾ, ಗೋಗೋ?" ನ್ಯಾರಾಡ್ಜೊಳ ಊರಿನಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ. ಡೋರೀನಳಿಗೂ ಅದು ಒಗ್ಗಿಹೋಗಿತ್ತು.

"ನಿಯಮ ಅಂದ್ಮೇಲೆ ಎಲ್ರಿಗೂ ಒಂದೇ ಕಣೇ. ನಿನ್ನ ಮಾತಲ್ಲ ಬಿಡು, ನೀನು ನಮ್ಮೋಳು. ನಿಂದೆಲ್ಲ ಯಾವತ್ತೋ ಆಗಿಹೋಗಿದೆಯಲ್ಲ."

ಎಲ್ಲಿ ಆಗಿತ್ತು? ನ್ಯಾರಾಡ್ಜೊ ಇಲ್ಲಿಗೆ ಬಂದು ಬರುವ ಏಪ್ರಿಲ್‌ಗೆ ಐದು ವರ್ಷ ತುಂಬಬೇಕಿತ್ತು. ಊರಾದ ಮುಟಾರೆಯಲ್ಲಿ ಅವಳ ತಾಯಿಯ ಹತ್ತಿರ ಬೆಳೆಯುತ್ತಿದ್ದ ಮಗಳು ಚಿಯೆಡ್ಜಾಗೆ ಈಗ ಹದಿನಾರು. ಖಾಯಂ ಅನುಮತಿ ಸಿಕ್ಕೊಡನೆ ಅವಳನ್ನು ಇಲ್ಲಿಗೆ ಕರೆಸಿಕೊಳ್ಳಬೇಕೆಂದಿದ್ದಳು; ಹದಿನೆಂಟು ದಾಟಿದರೆ ಮಗಳೆಂದು ಕರೆಸಿಕೊಳ್ಳುವ ಹಾಗಿಲ್ಲ. ಇನ್ನೊಂದೇ ಚಳಿಗಾಲ ಕಣೇ ಎಂದು ಅವಳು ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತ ಬಂದಿದ್ದಳು. ಇದನ್ನೆಲ್ಲ ಡೋರೀನಳಿಗೆ ಹೇಳಿರಲಿಲ್ಲ. ನಮ್ಮ ಕಷ್ಟ ಅವರ ಕೋಣೆಯೊಳಗೆ ಬರಬಾರದೆಂದು ಕೆಲಸಕ್ಕೆ ಸೇರಿದ ದಿನವೇ ಮೇಲ್ವಿಚಾರಕಿ ಕಟ್ಟಪ್ಪಣೆ ಮಾಡಿದ್ದಳು.

ಬೆರಳು ಪರದೆಯ ಮೇಲೆ ತಡೆಯಿತು. ಆಮೇಲೆ "ಖಂಡಿತ ಒಪ್ಪುವುದಿಲ್ಲ" ಎಂಬುದನ್ನು ಒತ್ತಿತು.

ಒಂದು ಸಲ ಕೈ ಜಾರಿದ ಮೇಲೆ ಉಳಿದದ್ದು ಸಲೀಸು. ಮುದುಕಿ ಹೌದೆಂದಲ್ಲಿ ಅಲ್ಲ, ಅಲ್ಲವೆಂದಲ್ಲಿ ಹೌದು, ಹೀಗೆ ಕೊನೆಯವರೆಗೂ ಒತ್ತಿದಳು. "ಎಲ್ಲಾ ಒಂದ್ಸಲ ಓದು," ಎಂದಾಗ ಡೋರೀನ್ ಹೇಳಿದ್ದನ್ನೇ ತಪ್ಪಿಲ್ಲದೆ ಒಪ್ಪಿಸಿದಳು. ಡೋರೀನ್ ತಲೆದೂಗಿದಳು.

"ಕಳಿಸು. ನೀನು ಓದಿದ್ರೆ ನಾನೇ ಓದಿದ ಹಾಗೆ."

ಕಳಿಸಿದಳು. ಧನ್ಯವಾದಗಳು, ಉತ್ತರಗಳನ್ನು ಇನ್ನು ಬದಲಿಸಲಾಗದು ಎಂದು ಪರದೆ ತಿಳಿಸಿತು.

ಆರೈಕೆ ಮನೆಯಲ್ಲಿ ಮಾಡಿದ್ದನ್ನೆಲ್ಲ ಆಗಿಂದಾಗ್ಗೆ ಫೋನಿನಲ್ಲಿ ದಾಖಲಿಸಬೇಕು. ದಾಖಲಾಗದ್ದು ಮಾಡಿದ ಲೆಕ್ಕಕ್ಕಿಲ್ಲ. ಚಹಾ ಕೊಟ್ಟೆ ಎಂದು ಬರೆದಳು. ಫಾರಂ ತುಂಬಲು ನೆರವಾದೆ ಎಂದು ಬರೆದು ಅಳಿಸಿದಳು. ಲಕ್ಷಗಟ್ಟಲೆ ಉತ್ತರಗಳ ನಡುವೆ ಇದೊಂದರಿಂದ ಏನೂ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಏನೂ ಆಗದ ಒಂದಕ್ಕಾಗಿ ಕಣ್ಣಿಲ್ಲದವಳ ಮಾತನ್ನು ಕದ್ದಿದ್ದಳು.

ನಾಲ್ಕು ಗಂಟೆಗೆ ಕೈಗೆ ಕ್ರೀಮು ಹಚ್ಚುವ ಹೊತ್ತು. ಡೋರೀನಳ ಬೆರಳುಗಳ ತುಂಬ ಹಳೆಯ ಚಾಕುವಿನ ಬಿಳಿ ಗೆರೆಗಳು. ಎಡಗೈ ಮುಗಿಯಿತು, ಬಲಗೈ ಮುಗಿಯಿತು, ನ್ಯಾರಾಡ್ಜೊ ಮತ್ತೆ ಎಡಗೈಯನ್ನೇ ಹಿಡಿದಳು.

"ಏನೇ ಇವತ್ತು, ಚರ್ಮ ಸುಲೀತೀಯಾ?"

ತಪ್ಪೊಪ್ಪಿಕೊಳ್ಳಲೆಂದೇ ಅವಳು ಬಾಯಿ ತೆರೆದದ್ದು. ಹೊರಬಿದ್ದದ್ದು ಮಾತ್ರ ಮಗಳ ವಿಷಯ. ಚಿಯೆಡ್ಜಾ, ಹದಿನಾರು, ಬರುವ ಏಪ್ರಿಲ್, ಹದಿನೈದು ವರ್ಷವಾದರೆ ಏನಾಗುತ್ತದೆ ಎಂಬುದು, ಎಲ್ಲವನ್ನೂ ಹೇಳಿದಳು. ಉತ್ತರ ತಿರುಚಿದ್ದನ್ನು ಹೇಳಲಿಲ್ಲ.

ಡೋರೀನ್ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನನ್ನ ಬಾಯಲ್ಲಿ ಅದನ್ನೆಲ್ಲ ಹೇಳಿಸಿಕೊಂಡು, ನಿನ್ನ ಕೈಯಾರೆ ಒತ್ತಿದೆಯಾ?" ಅವಳ ದನಿ ಒಡೆದಿತ್ತು. "ಒಂದ್ಮಾತು ಅನ್ನಬಾರದಿತ್ತೇ, ಪೆದ್ದಿ? ನಾನೆಂಥ ಪಾಪಿ. ತಗೋ ಆ ಹಲಗೆ. ಬದಲಾಯಿಸೋಕೆ ಆಗುತ್ತಲ್ಲ?"

"ಆಗುತ್ತೆ, ಗೋಗೋ."

ಟ್ಯಾಬ್ಲೆಟ್ ಮೇಜಿನ ಮೇಲೆ ಆರಿಹೋಗಿ ಬಿದ್ದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಹೊತ್ತಿಸಲಿಲ್ಲ. ಡೋರೀನ್ ಒಂದೊಂದಾಗಿ ಹೇಳುತ್ತ ಹೋದಳು. ನ್ಯಾರಾಡ್ಜೊ ಕಪ್ಪು ಗಾಜಿನ ಮೇಲೆ, ಅವಳಿಗೆ ಕೇಳಿಸಲೆಂದು, ಉಗುರಿನಿಂದ ಟಕ್ ಟಕ್ ಎನ್ನಿಸಿದಳು.

"ಓದು ಈಗ."

"ಖಂಡಿತ ಒಪ್ಪುವುದಿಲ್ಲ," ಎಂದು ಓದಿದಳು ನ್ಯಾರಾಡ್ಜೊ.

"ಹ್ಞಾಂ, ಈಗ ಸರಿ. ಕಳಿಸು, ಮಗಳೇ."

ಗಾಜಿನ ತುಂಬ ಕ್ರೀಮಿನ ಬೆರಳಚ್ಚು. ಅದರ ಮೇಲೆಯೇ ಇನ್ನೊಂದು ಸಲ, ಕೊಂಚ ಜೋರಾಗಿ, ತಟ್ಟಿದಳು.